ಪೋಸ್ಟಲ್ಲಿ ತರಿಸಿದ ಐರಿಸ್ ಗಡ್ಡೆಯಲ್ಲಿ ಹುಳ. ತಪ್ಪು ಯಾರದು?

ಮಿಶಿಗನ್ ಮಣ್ಣು · ಜುಲೈ 26

ಸ್ವಲ್ಪ ಹೊಟ್ಟೆಉರಿ ತೋಡಿಕೊಳ್ಳೋಣ ಅಂತ ಬಂದಿದ್ದೇನೆ. ಉದ್ದ ಆದರೆ ಬೇಜಾರು ಮಾಡ್ಕೋಬೇಡಿ.

ಹೋದ ವರ್ಷ ಆನ್‌ಲೈನಲ್ಲಿ ಐರಿಸ್ ಹೂಗಿಡದ ಆರು ಗಡ್ಡೆ ತರಿಸಿದೆ. ಗಡ್ಡದ ಐರಿಸ್. ಕೆಳಗಿನ ಎಸಳ ಮೇಲೆ ಕಂಬಳಿಹುಳ ಮಲಗಿದ ಹಾಗೆ ರೋಮ ಇರುತ್ತಲ್ಲ, ಅದು. (ನಮ್ಮ ಮನೆಯವಳು ಇದನ್ನು 'ಗಡ್ಡದ ಗಡ್ಡೆ' ಅಂತಲೇ ಕರೆಯುತ್ತಾಳೆ.) ಮೂರು ತಳಿ: ಡಸ್ಕಿ ಚಾಲೆಂಜರ್ ಎರಡು, ಇಮ್ಮಾರ್ಟಾಲಿಟಿ ಎರಡು, ಬೆವರ್ಲಿ ಸಿಲ್ಸ್ ಎರಡು. ಪೋಸ್ಟ್ ಖರ್ಚು ಸೇರಿ ಎಪ್ಪತ್ತು ಡಾಲರ್ ದಾಟಿತು. ಡಬ್ಬಿ ತೆರೆದಾಗ ಖುಷಿಯಾಗಿತ್ತು. ಬೀಸಣಿಗೆಯ ಹಾಗೆ ಕತ್ತರಿಸಿದ ಎಲೆ, ಎಲೆಯ ಮೇಲೇ ಮಾರ್ಕರ್ ಪೆನ್ನಲ್ಲಿ ಬರೆದ ಹೆಸರು, ಕೆಳಗೆ ಒಂದು ಚೂರೂ ಮಣ್ಣಿಲ್ಲದ ದಪ್ಪ ಗಡ್ಡೆ. ಬಂದ ದಿನವೇ ನೆಟ್ಟೆ.

ಈ ವರ್ಷ ಮೇ ಕೊನೆಗೆ ಎರಡು ಗಿಡ ಹೂ ಬಿಟ್ಟವು. ಜೂನಲ್ಲಿ ನೋಡಿದರೆ ಎಲೆಯ ಅಂಚು ಅಲ್ಲಲ್ಲಿ ಕಚ್ಚಿದ ಹಾಗಿದೆ, ನಡುವೆ ಉದ್ದಕ್ಕೆ ನೀರು ಕುಡಿದಂಥ ಗೆರೆ. ನೀರು ಜಾಸ್ತಿಯಾಯಿತೇನೋ ಅಂದುಕೊಂಡು ಸುಮ್ನಾದೆ. ಕಳೆದ ಶನಿವಾರ ಒಂದರ ಎಲೆ ಹಿಡಿದು ಎಳೆದರೆ ಇಡೀ ಬೀಸಣಿಗೆ ಕೈಗೇ ಬಂತು. ವಾಸನೆ ಅಂದ್ರೆ, ಮಳೆಗಾಲದಲ್ಲಿ ಮೂಲೆಯಲ್ಲಿ ಮರೆತ ಈರುಳ್ಳಿ ಚೀಲ ನೆನೆಸಿಕೊಳ್ಳಿ. ಗಡ್ಡೆ ಕುಯ್ದು ನೋಡಿದೆ. ಒಳಗೆ ಟೊಳ್ಳು, ಕೆಸರಿನಂಥ ರಸ, ಅದರ ನಡುವೆ ತಿಳಿಗುಲಾಬಿ ಬಣ್ಣದ ಒಂದು ಹುಳ. ಕಂದು ತಲೆ, ಮೈ ಪಕ್ಕದಲ್ಲಿ ಸಾಲಾಗಿ ಕಪ್ಪು ಚುಕ್ಕೆ, ನನ್ನ ಕಿರುಬೆರಳಿಗಿಂತ ಸ್ವಲ್ಪ ಗಿಡ್ಡ. ಆರರಲ್ಲಿ ನಾಲ್ಕು ಗಡ್ಡೆ ಹೋಯಿತು.

ನರ್ಸರಿಯವರಿಗೆ ಖಾರವಾಗಿಯೇ ಮೇಲ್ ಹಾಕಿದ್ದೇನೆ. ಹುಳ ಇಟ್ಟು ಕಳಿಸಿದ್ದೀರಿ, ದುಡ್ಡು ವಾಪಸ್ ಕೊಡಿ ಅಂತ. ಇನ್ನು ಮುಂದೆ ತರಿಸುವಾಗ ಹುಳ ಇಲ್ಲದ ಗಡ್ಡೆ ಅಂತ ಗೊತ್ತಾಗೋದು ಹೇಗೆ? ತಿಳಿದವರು ಹೇಳಿ.

ಸುಮ್ನೆ ಓದೋನು · ಜುಲೈ 26

ಎಪ್ಪತ್ತು ಡಾಲರಿಗೆ ಹುಳನೂ ಫ್ರೀ ಬಂತು ಅನ್ನಿ.

ಶುಂಠಿಮನೆ · ಜುಲೈ 26

ಅಯ್ಯೋ, ನನಗೂ ಆಗಿತ್ತು. ನಾನಿರೋದು ನ್ಯೂ ಜೆರ್ಸಿ. ಮೂರು ವರ್ಷದ ಹಿಂದೆ ಮಾಂಟ್‌ಕ್ಲೇರ್‌ನ ಪ್ರೆಸ್ಬಿ ಐರಿಸ್ ತೋಟ ನೋಡಿಕೊಂಡು ಬಂದೆ. 1927ರಲ್ಲಿ ಶುರುವಾದ ತೋಟ, ಮೇ ಮಧ್ಯದಿಂದ ಜೂನ್ ಮೊದಲ ವಾರದವರೆಗೆ ಗುಡ್ಡದ ಬುಡದಲ್ಲಿ ಬಣ್ಣದ ಹೊಳೆ. ಮನೆಗೆ ಬಂದು ತಡೆಯೋಕಾಗದೆ ಅವತ್ತೇ ಆರ್ಡರ್ ಹಾಕಿದೆ. ಜುಲೈ ಎರಡನೇ ವಾರ ಡಬ್ಬಿ ಬಂತು. ನಮ್ಮದು ಸೊರಬದ ಕಡೆ ಶುಂಠಿ ಬೆಳೆಯೋ ಮನೆ. ಅಪ್ಪ ಬಿತ್ತನೆ ಶುಂಠಿಯನ್ನು ಒಂದೊಂದೇ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒತ್ತಿ ನೋಡದೆ ಬುಟ್ಟಿಗೆ ಹಾಕುತ್ತಿರಲಿಲ್ಲ. ಆ ಅಭ್ಯಾಸ ನನಗೂ ಇದೆ. ಒತ್ತಿದೆ, ಒಂದು ಗಡ್ಡೆಯ ಬದಿ ಮೆತ್ತಗೆ ಒಳಗೆ ಹೋಯಿತು. ತಿರುಗಿಸಿದರೆ ಪೆನ್ಸಿಲ್ ತುದಿಯಷ್ಟು ತೂತು, ತೂತಿನ ಬಾಯಲ್ಲಿ ಒದ್ದೆ ಮರದ ಪುಡಿಯಂಥದ್ದು. ಚಾಕು ಹಾಕಿದೆ, ಒಳಗೆ ಜೀವಂತ ಹುಳ! ಫೋಟೋ ಕಳಿಸಿದ ಮೇಲೆ ದುಡ್ಡು ವಾಪಸ್ ಕೊಟ್ಟರು.

ಹಾಗಾಗಿ ನಿಮ್ಮ ಕೋಪ ಸರಿಯೇ ಇದೆ ಅಣ್ಣ.

ಹಿತ್ತಲಬಾಗಿಲು · ಜುಲೈ 27

ಕೋಪ ಸರಿಯೋ ತಪ್ಪೋ ಆಮೇಲೆ ನೋಡೋಣ. ಮಿಶಿಗನ್ ಮಣ್ಣು ಅವರೇ, ಮೂರು ಪ್ರಶ್ನೆ. ಡಬ್ಬಿ ಬಂದದ್ದು ಯಾವ ತಿಂಗಳು? ಯಾವ ರಾಜ್ಯದಿಂದ? ನಿಮ್ಮ ಮನೆ ಸುತ್ತ ಮೊದಲೇ ಐರಿಸ್ ಇತ್ತಾ?

ಮಿಶಿಗನ್ ಮಣ್ಣು · ಜುಲೈ 27

ಸೆಪ್ಟೆಂಬರ್ ಎರಡನೇ ವಾರ. ರಾಜ್ಯ ನೆನಪಿಲ್ಲ ಸರ್, ಡಬ್ಬಿ ಗ್ಯಾರೇಜಲ್ಲಿ ಇರಬೇಕು, ಹುಡುಕುತ್ತೇನೆ. ಮನೆ ತಗೊಂಡಾಗಲೇ ಗ್ಯಾರೇಜ್ ಪಕ್ಕ ಹಳೇ ನೇರಳೆ ಐರಿಸ್ ಒಂದು ಸಾಲು ಇತ್ತು. ಹಿಂದಿನವರು ನೆಟ್ಟಿದ್ದು. ಅದರ ತಂಟೆಗೆ ನಾನು ಹೋಗಿಲ್ಲ. ಹೂವೂ ಈಗ ಜಾಸ್ತಿ ಬಿಡಲ್ಲ.

ಹಿತ್ತಲಬಾಗಿಲು · ಜುಲೈ 27

'ಹೂವೂ ಈಗ ಜಾಸ್ತಿ ಬಿಡಲ್ಲ.' ನಿಮ್ಮ ಉತ್ತರ ಅಲ್ಲೇ ಇದೆ ಅಂತ ನನ್ನ ಗುಮಾನಿ.

ನಾನು ಓಹಾಯೋದಲ್ಲಿ ಇಪ್ಪತ್ತೆರಡು ವರ್ಷದಿಂದ ಐರಿಸ್ ಬೆಳೆಯುತ್ತಿದ್ದೇನೆ. ನಮ್ಮ ಕೌಂಟಿ ಎಕ್ಸ್‌ಟೆನ್ಷನ್ ಕಚೇರಿಯಲ್ಲಿ (ಕೃಷಿ, ತೋಟದ ಸಲಹೆ ಕೊಡೋ ಕಚೇರಿ) ಮಾಸ್ಟರ್ ಗಾರ್ಡನರ್ ಅಂತ ಬಿಟ್ಟಿ ಚಾಕರಿಯನ್ನೂ ಮಾಡುತ್ತೇನೆ. ಅಲ್ಲಿಗೆ ಜುಲೈ ಬಂತೆಂದರೆ ಪ್ಲಾಸ್ಟಿಕ್ ಚೀಲದಲ್ಲಿ ಕೊಳೆತ ಗಡ್ಡೆ ಹಿಡಿದುಕೊಂಡು ಬರುವವರು ತಪ್ಪಲ್ಲ. ನೀವು ಹೇಳಿದ್ದು ಐರಿಸ್ ಬೋರರ್, ಐರಿಸ್ ಕೊರಕ. ಪುಸ್ತಕದ ಹೆಸರು ಮ್ಯಾಕ್ರೋನಾಕ್ಟುವಾ ಒನುಸ್ಟಾ. ಇದು ಇಲ್ಲಿನದೇ, ಉತ್ತರ ಅಮೆರಿಕದ ಪೂರ್ವ ಭಾಗದ ಹುಳ.

ಇದರ ವರ್ಷದ ಲೆಕ್ಕ ಗೊತ್ತಿದ್ದರೆ ಕಳ್ಳ ಯಾರು ಅಂತ ಹೇಳಬಹುದು. ವರ್ಷಕ್ಕೆ ಒಂದೇ ತಲೆಮಾರು. ಚಳಿಗಾಲ ಪೂರ್ತಿ ಇದು ಮೊಟ್ಟೆಯಾಗಿ ಒಣಗಿದ ಎಲೆಗೆ ಅಂಟಿಕೊಂಡಿರುತ್ತದೆ. ಏಪ್ರಿಲ್, ಮೇ ಹೊತ್ತಿಗೆ, ಐರಿಸ್ ಎಲೆ ನಾಲ್ಕೈದು ಇಂಚು ಎದ್ದಾಗ, ಮೊಟ್ಟೆ ಒಡೆಯುತ್ತದೆ. ಕೂದಲೆಳೆಯಂಥ ಮರಿ ಎಲೆ ಹತ್ತಿ ಸೂಜಿ ಮೊನೆಯಷ್ಟು ತೂತು ಮಾಡಿ ಒಳಗೆ ಸೇರುತ್ತೆ. ಎಲೆಯ ಎರಡು ಪದರದ ನಡುವೆ ಕೊರೆಯುತ್ತಾ ಕೆಳಗಿಳಿಯುತ್ತೆ. ನೀವು ಕಂಡ ನೀರಿನ ಗೆರೆ ಅದರ ದಾರಿ. ಜುಲೈ ಹೊತ್ತಿಗೆ ಗಡ್ಡೆಯೊಳಗೆ. ಅದು ಕೊರೆದ ಗಾಯದಲ್ಲಿ ಗಡ್ಡೆಯನ್ನು ಮೆತ್ತಗೆ ಕೊಳೆಸುವ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ನಿಮ್ಮ ಈರುಳ್ಳಿ ಚೀಲದ ವಾಸನೆ ಹುಳದ್ದಲ್ಲ, ಆ ಕೊಳೆಯದು. ಜುಲೈ ಕೊನೆಯಿಂದ ಆಗಸ್ಟಿನೊಳಗೆ ಹುಳ ಗಡ್ಡೆ ಬಿಟ್ಟು ಪಕ್ಕದ ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ತನಕ ಪತಂಗ ಆಗಿ ರಾತ್ರಿ ಹಾರಾಡಿ, ಮತ್ತೆ ಒಣ ಎಲೆಯಲ್ಲಿ ಮೊಟ್ಟೆ. ಒಂದು ಹೆಣ್ಣು ನೂರರ ಮೇಲೆ ಇಡುತ್ತೆ.

ಈಗ ನಿಮ್ಮ ಡಬ್ಬಿ ಬಂದದ್ದು ಸೆಪ್ಟೆಂಬರಲ್ಲಿ. ಆ ಹೊತ್ತಿಗೆ ಗಡ್ಡೆಯೊಳಗೆ ಹುಳ ಇರೋದು ತೀರಾ ಅಪರೂಪ. ಇದ್ದರೂ ಅದು ಈ ಜುಲೈವರೆಗೆ ಹುಳವಾಗಿಯೇ ಕೂತಿರೋದಿಲ್ಲ. ನೀವು ಶನಿವಾರ ಕಂಡ ಹುಳ ಹುಟ್ಟಿದ್ದೇ ಈ ವಸಂತದಲ್ಲಿ, ನಿಮ್ಮ ಅಂಗಳದಲ್ಲಿ.

ಶುಂಠಿಮನೆ ಅವರ ಕಥೆ ಬೇರೆ. ಜುಲೈ ಮಧ್ಯ, ಗಡ್ಡೆಯೊಳಗೆ ಹುಳ ದಪ್ಪಗಾಗುವ ಹೊತ್ತು. ಅದು ಡಬ್ಬಿಯಲ್ಲೇ ಬಂದದ್ದು, ಅನುಮಾನ ಇಲ್ಲ.

ಶುಂಠಿಮನೆ · ಜುಲೈ 27

ಒಂದು ದಾರಿ ಬಿಟ್ಟಿರಿ ಸರ್. ಸೆಪ್ಟೆಂಬರಲ್ಲಿ ಹುಳ ಬರದಿದ್ದರೆ ಮೊಟ್ಟೆ ಬರಬಹುದಲ್ವಾ? ಹೊರಗಿನ ಒಣ ಎಲೆ ಹಾಗೇ ಬಿಟ್ಟು ಕಳಿಸಿದ್ದರೆ?

ಹಿತ್ತಲಬಾಗಿಲು · ಜುಲೈ 27

ಒಪ್ಪಿದೆ. ಬಿಟ್ಟದ್ದು ನಿಜ. ಹುಳದ ಕಾಟ ಇರುವ ಪೂರ್ವದ ರಾಜ್ಯದ ಹೊಲದಿಂದ, ಸೆಪ್ಟೆಂಬರಲ್ಲಿ, ಒಣ ಎಲೆ ಸಮೇತ ಬಂದರೆ ಮೊಟ್ಟೆ ಸವಾರಿ ಮಾಡಬಹುದು. ಅದಕ್ಕೇ ಯಾವ ರಾಜ್ಯ ಅಂತ ಕೇಳಿದ್ದು.

ರಾಕಿ ಬೆಟ್ಟಗಳ ಆಚೆ, ಆರೆಗಾನ್, ವಾಷಿಂಗ್ಟನ್, ಕ್ಯಾಲಿಫೋರ್ನಿಯಾ ಕಡೆ ಈ ಕೊರಕದ ಕಾಟ ಇಲ್ಲ. ಐರಿಸ್ಸಿನ ದೊಡ್ಡ ದೊಡ್ಡ ಹೊಲಗಳು ಇರೋದೂ ಹೆಚ್ಚಾಗಿ ಅಲ್ಲೇ. ನಾನು ಕೊರಕದ ಭಯಕ್ಕೆ ಅಲ್ಲಿಂದಲೇ ತರಿಸುತ್ತೇನೆ. ಆದರೆ ಒಂದು ಮಾತು. ವೆಬ್‌ಸೈಟಿನ ವಿಳಾಸ ನೋಡಿ ಮೋಸ ಹೋಗಬೇಡಿ. ಎಷ್ಟೋ ಜನ ಬೇರೆಯವರ ಹತ್ತಿರ ಸಗಟಾಗಿ ಕೊಂಡು ತಮ್ಮ ಡಬ್ಬಿಯಲ್ಲಿ ಹಾಕಿ ಮಾರುತ್ತಾರೆ. 'ಗಡ್ಡೆ ಎಲ್ಲಿ ಬೆಳೆದದ್ದು, ಯಾವ ವಾರ ಅಗೆಯುತ್ತೀರಿ' ಅಂತ ಎರಡು ಸಾಲು ಮೇಲ್ ಹಾಕಿ. ಸ್ವಂತ ಹೊಲ ಇರುವವರು ಸಂತೋಷವಾಗಿ ಉತ್ತರ ಕೊಡುತ್ತಾರೆ. ಉತ್ತರ ಬರದಿದ್ದರೆ ಅದೂ ಒಂದು ಉತ್ತರವೇ.

ಟೊರಾಂಟೊ ತುಳಸಿ · ಜುಲೈ 28

ನಾನು ಪೋಸ್ಟಿನ ಗೋಜಿಗೇ ಹೋಗಲ್ಲ. ಬೇಸಿಗೆ ಕೊನೆಗೆ ಇಲ್ಲಿನ ಐರಿಸ್ ಸಂಘದವರು ಗಡ್ಡೆ ಮಾರುತ್ತಾರೆ. ಕೈಯಲ್ಲಿ ಹಿಡಿದು ನೋಡಿ ತರಬಹುದು, ಅಗ್ಗ ಕೂಡ.

ಹಿತ್ತಲಬಾಗಿಲು · ಜುಲೈ 28

ಒಳ್ಳೇದೇ. ಆದರೆ ತುಳಸಿ ಅವರೇ, ಆಂಟಾರಿಯೋದಲ್ಲೂ ಈ ಕೊರಕ ಇದೆ. ಸಂಘದವರ ಗಡ್ಡೆ ಬರೋದು ಸದಸ್ಯರ ಹಿತ್ತಲಿಂದ. ಪ್ರೀತಿಯಿಂದ ಕೊಟ್ಟ ಗಡ್ಡೆಯನ್ನೂ ಒತ್ತಿ ನೋಡಿ.

ಕುಂಡದಲ್ಲಿ ಕಾಡು · ಜುಲೈ 28

ಬೆಂಗಳೂರಿಂದ. ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಇಲ್ಲೂ ಆನ್‌ಲೈನಲ್ಲಿ ನೀಲಿ ಐರಿಸ್ ಫೋಟೋ ಹಾಕಿ ಗಡ್ಡೆ ಮಾರುತ್ತಾರೆ. ನಾನು ತರಿಸಿದ್ದು ಈರುಳ್ಳಿ ಥರ ಸಣ್ಣ ಗೆಡ್ಡೆ. ಸಿಪ್ಪೆ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು. ಇದೂ ಈ ಕೊರಕದ ಮೊಟ್ಟೆನಾ?

ಶುಂಠಿಮನೆ · ಜುಲೈ 28

ಅಲ್ಲ ತಂಗಿ. ಕೊರಕ ಭಾರತದಲ್ಲಿ ಇಲ್ಲ. ಹತ್ತಿ ಥರ ಇದ್ದರೆ ಹಿಟ್ಟು ತಿಗಣೆ ಇರಬೇಕು, ನಮ್ಮ ದಾಸವಾಳಕ್ಕೆ ಬರುತ್ತಲ್ಲ, ಅದೇ. ಹಳೇ ಟೂತ್‌ಬ್ರಷ್ಷಿಗೆ ಸೋಪಿನ ನೀರು ಅದ್ದಿ ಉಜ್ಜಿ, ತೊಳೆದು, ನೆರಳಲ್ಲಿ ಒಣಗಿಸಿ. ಉಜ್ಜಿದಾಗ ಬೆರಳಿಗೆ ಜಿಡ್ಡು ಜಿಡ್ಡಾಗಿ ಹತ್ತಿದರೆ ತಿಗಣೆಯೇ. ಒಣ ಪುಡಿಯಾಗಿ ಉದುರಿದರೆ ಬೂಷ್ಟು.

ಆದರೆ ನಿಜ ಹೇಳಬೇಕಂದ್ರೆ, ನೀವು ತರಿಸಿದ್ದು ಗಡ್ಡದ ಐರಿಸ್ ಅಲ್ಲ. ಅದಕ್ಕೆ ಶುಂಠಿ ಥರ ಅಡ್ಡ ಮಲಗುವ ಗಡ್ಡೆ. ಈರುಳ್ಳಿ ಥರ ಇರೋದು ಡಚ್ ಐರಿಸ್. ಗಡ್ಡದ್ದಕ್ಕೆ ಗಟ್ಟಿ ಚಳಿಗಾಲ ಬೇಕು, ಬೆಂಗಳೂರಿನ ಚಳಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಕಾಶ್ಮೀರದಲ್ಲಿ ಗೋರಿಗಳ ಮೇಲೆ ಬಿಳಿ ಐರಿಸ್ ತಾನಾಗಿ ಹಬ್ಬಿರುತ್ತೆ, ಆ ಚಳಿ ಬೇರೆ. ನಿಮ್ಮ ಕುಂಡಕ್ಕೆ 'ವಾಕಿಂಗ್ ಐರಿಸ್' ಸರಿ. ಅದು ಐರಿಸ್ ಅಲ್ಲ, ಅದೇ ಕುಟುಂಬದ್ದು, ಆದರೆ ಬದುಕುತ್ತೆ.

ಕುಂಡದಲ್ಲಿ ಕಾಡು · ಜುಲೈ 28

ಜಿಡ್ಡೇ ಹತ್ತಿತು ಅಕ್ಕ, ಥ್ಯಾಂಕ್ಸ್. ನಮ್ಮ ಅಣ್ಣ ಡಿಸೆಂಬರಲ್ಲಿ ಅಮೆರಿಕದಿಂದ ಬರ್ತಾನೆ. ಎರಡು ಗಡ್ಡೆ ಸೂಟ್‌ಕೇಸಲ್ಲಿ ತರಿಸಿ ನೋಡಲಾ?

ಹಿತ್ತಲಬಾಗಿಲು · ಜುಲೈ 28

ಬೇಡಮ್ಮ. ಗಿಡ, ಗಡ್ಡೆ ಹಾಗೆ ತರೋ ಹಾಗಿಲ್ಲ. ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ, ಅಮೆರಿಕದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಅದು ಸುಮ್ನೆ ಕಾಗದದ ಕಾಟ ಅಂತ ಅನ್ನಿಸಬಹುದು. ಆದರೆ ಈ ಕೊರಕ ಭಾರತದಲ್ಲಿ ಇಲ್ಲದೆ ಇರೋದು ಹೀಗೆ ಯಾರೂ ತರದೆ ಇರೋದರಿಂದಲೇ. ಅಣ್ಣನ ಹತ್ತಿರ ಚಾಕೊಲೇಟ್ ತರಿಸಿ.

ಮಿಶಿಗನ್ ಮಣ್ಣು · ಜುಲೈ 29

ಡಬ್ಬಿ ಇನ್ನೂ ಸಿಕ್ಕಿಲ್ಲ. ಸರ್, ಸರಿ, ಡಬ್ಬಿ ಮನೆಗೆ ಬಂದ ಮೇಲೆ ನೀವು ಏನೇನು ಮಾಡುತ್ತೀರಿ? ನಾನಂತೂ ನೇರ ಮಣ್ಣಿಗೆ ಹಾಕಿದೆ.

ಹಿತ್ತಲಬಾಗಿಲು · ಜುಲೈ 29

ಬಂದ ತಕ್ಷಣ ತೆರೆಯಬೇಕು. ಪ್ಲಾಸ್ಟಿಕ್ಕಲ್ಲಿ ಸುತ್ತಿದ್ದರೆ ಬಿಚ್ಚಿ ಗಾಳಿಗೆ ಇಡಿ, ಬೆವರಿದರೆ ಕೊಳೆ ಶುರು. ಹಾಗಂತ ಅವತ್ತೇ ನೆಡುವ ಅವಸರ ಇಲ್ಲ. ಈ ಗಡ್ಡೆ ಒಂದೆರಡು ವಾರ ಮಣ್ಣಿಲ್ಲದೆ ಸುಖವಾಗಿರುತ್ತೆ.

ನಾನು ಗ್ಯಾರೇಜಲ್ಲಿ ಹಳೇ ನ್ಯೂಸ್‌ಪೇಪರ್ ಹಾಸಿ ಸಾಲಾಗಿ ಇಡುತ್ತೇನೆ, ತೋಟದ ಹತ್ತಿರ ಒಯ್ಯೋದೇ ಇಲ್ಲ. ಮೊದಲು ಹೆಬ್ಬೆರಳು. ಶುಂಠಿಮನೆ ಅವರ ಅಪ್ಪ ಮಾಡಿದ್ದೇ ಸರಿ, ಸುತ್ತಲೂ ಒತ್ತಬೇಕು, ಎಲೆ ಹುಟ್ಟುವ ಕುತ್ತಿಗೆಯಲ್ಲಿ ಮುಖ್ಯವಾಗಿ. ಗಡ್ಡೆ ಹಸಿ ಆಲೂಗಡ್ಡೆಯ ಹಾಗೆ ಗಟ್ಟಿ ಇರಬೇಕು. ಆಮೇಲೆ ಹೊರಗಿನ ಒಣ ಎಲೆಗಳನ್ನು ಬುಡದವರೆಗೂ ಸುಲಿದು ಚೀಲಕ್ಕೆ ಹಾಕಿ ಬಾಯಿ ಕಟ್ಟುತ್ತೇನೆ. ಕಾಂಪೋಸ್ಟಿಗೆ ಬೇಡ. ಸಂದಿಯಲ್ಲಿ ಬೂದು ಗಿಡಹೇನು ಕಂಡರೆ ನಲ್ಲಿ ಕೆಳಗೆ ಜೋರಾಗಿ ತೊಳೆದರೆ ಸಾಕು. ಕೊರಕ ಇಲ್ಲದ ಪಶ್ಚಿಮದಲ್ಲೂ ಹೇನು ಇದೆ, ಹಾಗಾಗಿ ಆರೆಗಾನ್ ಗಡ್ಡೆ ಅಂತ ಇದನ್ನು ಬಿಡಬೇಡಿ.

ಕೊನೆಗೆ ಒಂದು ಪಾಲು ಬ್ಲೀಚ್, ಒಂಬತ್ತು ಪಾಲು ನೀರು. ಹತ್ತು ನಿಮಿಷ ಅದ್ದಿ, ತೊಳೆದು, ನೆರಳಲ್ಲಿ ಒಣಗಿಸಿ. ಇದು ಮೇಲ್ಮೈಯ ಕೊಳೆ ಬ್ಯಾಕ್ಟೀರಿಯಾಕ್ಕೆ ಮಾತ್ರ. ಒಳಗಿನ ಹುಳಕ್ಕೆ ಏನೂ ಆಗಲ್ಲ. ಬ್ಲೀಚ್ ಮಾಡಿದೆ, ಹುಳ ಸತ್ತಿತು ಅಂತ ನಂಬಿ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ.

ಶುಂಠಿಮನೆ · ಜುಲೈ 29

ಹುಳಕ್ಕೆ ನಾನು ಮಾಡೋದು, ಒಂದು ಬಕೆಟ್ ನೀರಲ್ಲಿ ಗಡ್ಡೆ ಪೂರ್ತಿ ಮುಳುಗಿಸಿ ಮೇಲೆ ಕಲ್ಲು ಇಟ್ಟು ರಾತ್ರಿಯೆಲ್ಲ ಬಿಡೋದು. ಆ ವರ್ಷ ಉಳಿದ ಐದನ್ನು ಹಾಗೇ ಇಟ್ಟಿದ್ದೆ. ಬೆಳಗ್ಗೆ ನೋಡಿದರೆ ಇನ್ನೊಂದು ಹುಳ ಹೊರಬಂದು ತೇಲುತ್ತಿತ್ತು. ಅದನ್ನು ಹೆಬ್ಬೆರಳು ಹಿಡಿದಿರಲಿಲ್ಲ! ಆಮೇಲೆ ಒಣಗಿಸಿ ನೆಟ್ಟೆ, ಎಲ್ಲ ಬದುಕಿವೆ. ಅಪ್ಪ ಬಿತ್ತನೆ ಶುಂಠಿಯನ್ನು ಮ್ಯಾಂಕೋಜೆಬ್ ಔಷಧದ ನೀರಲ್ಲಿ ಅರ್ಧ ಗಂಟೆ ಅದ್ದಿ ನೆರಳಲ್ಲಿ ಹರವುತ್ತಿದ್ದರು. ಅದು ಕೊಳೆಗೆ. ಆದರೆ ಅದ್ದಿ ನೆರಳಲ್ಲಿ ಒಣಗಿಸೋದು ಕೈಗೆ ಅಂಟಿದೆ ನನಗೆ.

ಹಿತ್ತಲಬಾಗಿಲು · ಜುಲೈ 29

ರಾತ್ರಿಯೆಲ್ಲ ನೀರಲ್ಲಿ ಬಿಡೋದಕ್ಕೆ ನನ್ನ ಮನಸ್ಸು ಒಪ್ಪಲ್ಲ ಮೇಡಂ, ಕುಯ್ದ ಜಾಗದಿಂದ ಕೊಳೆ ಸೇರುತ್ತೆ ಅಂತ ಭಯ. ಆದರೆ ತೇಲಿದ ಹುಳದ ಮುಂದೆ ವಾದ ಮಾಡೋಕಾಗಲ್ಲ. ಜುಲೈಯಲ್ಲಿ, ಪೂರ್ವದ ರಾಜ್ಯದಿಂದ ಬಂದದ್ದಾದರೆ ಮಾಡಿ. ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ಕಳಿಸಿ ಅಂತ ಆರ್ಡರಿನಲ್ಲೇ ಕೇಳಿಕೊಂಡರೆ ಈ ತಾಪತ್ರಯವೇ ಇಲ್ಲ. ನಮ್ಮ ಕಡೆ ಅಕ್ಟೋಬರಿನ ಹಿಮಕ್ಕೆ ಮೊದಲು ಐದಾರು ವಾರ ಸಿಕ್ಕರೆ ಬೇರು ಹಿಡಿಯುತ್ತೆ.

ಸುಮ್ನೆ ಓದೋನು · ಜುಲೈ 30

ಇಷ್ಟೆಲ್ಲಾ ಯಾಕೆ, ಇಮಿಡಾಕ್ಲೋಪ್ರಿಡ್ ಕೀಟನಾಶಕ ಹಾಕಿ ಬಿಸಾಕಿ. ಮುಗೀತು.

ಜೇನುಗೂಡು · ಜುಲೈ 30

ಮುಗಿಯೋದು ಜೇನು. ಪೆನ್ಸಿಲ್ವೇನಿಯಾದಲ್ಲಿ ನನ್ನ ಹಿತ್ತಲಲ್ಲಿ ನಾಲ್ಕು ಪೆಟ್ಟಿಗೆ ಇವೆ, ಪಕ್ಕದಲ್ಲೇ ಐರಿಸ್. ಇಮಿಡಾಕ್ಲೋಪ್ರಿಡ್ ಗಿಡದ ರಸಕ್ಕೆ ಸೇರಿ ಮಕರಂದಕ್ಕೂ ಬರುತ್ತೆ. ಸ್ಪಿನೋಸ್ಯಾಡ್ ಸಾವಯವ ಅಂತಾರೆ, ಅದೂ ಒಣಗೋವರೆಗೆ ಜೇನಿಗೆ ವಿಷವೇ. ಹೊಡೆಯಲೇಬೇಕು ಅಂದ್ರೆ ಎಲೆ ನಾಲ್ಕೈದು ಇಂಚು ಇರುವಾಗ, ಮೊಗ್ಗು ಬರೋ ಮೊದಲು, ಸಂಜೆ ಹೊಡೀರಿ.

ನಾನು ನೆಮಟೋಡ್ ಬಿಡುತ್ತೇನೆ. ಕಣ್ಣಿಗೆ ಕಾಣದ ದಾರದ ಹುಳ, ಸ್ಟೈನರ್ನೀಮಾ ಕಾರ್ಪೊಕ್ಯಾಪ್ಸೆ ಅಂತ. ಜೂನಲ್ಲಿ, ಸಂಜೆ, ಮಣ್ಣು ಒದ್ದೆ ಮಾಡಿ ನೀರಿನ ಡಬ್ಬಿಯಲ್ಲಿ ಬುಡಕ್ಕೆ ಹಾಕೋದು. ಕೊರಕದ ಮೈಯೊಳಗೇ ಹೊಕ್ಕು ಕೊಲ್ಲುತ್ತೆ. ಅದೂ ಪೋಸ್ಟಲ್ಲೇ ಬರುತ್ತೆ, ತಣ್ಣಗಿನ ಚೀಲದಲ್ಲಿ. ಫ್ರಿಜ್ಜಲ್ಲಿ ಮೊಸರಿನ ಪಕ್ಕ ಇಟ್ಟಿದ್ದಕ್ಕೆ ನಮ್ಮ ಅತ್ತೆ ಎರಡು ದಿನ ಮಾತಾಡಿಸಲಿಲ್ಲ.

ಟೊರಾಂಟೊ ತುಳಸಿ · ಜುಲೈ 30

ನಾನು ಮೇ ತಿಂಗಳಲ್ಲಿ ಎಲೆಯನ್ನು ಎರಡು ಬೆರಳ ನಡುವೆ ಹಿಡಿದು ಮೇಲಿಂದ ಕೆಳಗೆ ಹಿಸುಕಿಕೊಂಡು ಹೋಗುತ್ತೇನೆ. ನೀರಿನ ಗೆರೆ ಮುಗಿಯೋ ಜಾಗದಲ್ಲಿ ಪುಟ್ಟ ಉಬ್ಬು ಸಿಗುತ್ತೆ, ಅಲ್ಲಿ ಒತ್ತಿದರೆ ಚಿಟಕ್ ಅಂತ ಗೊತ್ತಾಗುತ್ತೆ. ಅಷ್ಟೇ ಔಷಧ. ಜೊತೆಗೆ ಸೈಬೀರಿಯನ್ ಐರಿಸ್ ನೆಟ್ಟಿದ್ದೇನೆ, ಸೀಸರ್ಸ್ ಬ್ರದರ್ ಅಂತ 1932ರ ಹಳೇ ತಳಿ. ಅದಕ್ಕೆ ಕೊರಕದ ಕಾಟ ಕಮ್ಮಿ.

ಮಿಶಿಗನ್ ಮಣ್ಣು · ಆಗಸ್ಟ್ 3

ಡಬ್ಬಿ ಸಿಕ್ಕಿತು. ಕ್ರಿಸ್‌ಮಸ್ ದೀಪದ ಸರ ತುಂಬಿಟ್ಟಿದ್ದೆವು ಅದರಲ್ಲಿ.

ಮೇಲಿನ ಚೀಟಿಯಲ್ಲಿ ಆರೆಗಾನ್ ವಿಳಾಸ. ಒಳಗೆ ಇನ್ನೊಂದು ಕಾಗದ, ಸ್ವಂತ ಹೊಲದಲ್ಲಿ ಬೆಳೆದದ್ದು ಅಂತ. ಹೇಗೆ ನೆಡಬೇಕು ಅಂತಲೂ ಬರೆದಿದ್ದಾರೆ, ನಾನು ಓದಿರಲೇ ಇಲ್ಲ.

ನಿನ್ನೆ ಗ್ಯಾರೇಜ್ ಪಕ್ಕದ ಹಳೇ ಸಾಲಿಗೆ ಹೋದೆ. ಬುಡದಲ್ಲಿ ಎಷ್ಟು ವರ್ಷದ ಒಣ ಎಲೆಯೋ, ಚಾಪೆ ಥರ ಹಾಸಿಕೊಂಡಿದೆ. ಅದನ್ನು ಸರಿಸಿ ಕೈಗುದ್ದಲಿಯಲ್ಲಿ ಕೆದಕಿದೆ. ಎರಡು ಇಂಚು ಕೆಳಗೆ ಹೊಳೆಯೋ ಕಂದು ಬಣ್ಣದ್ದು ಒಂದು ಸಿಕ್ಕಿತು, ಹುಣಸೆ ಬೀಜ ಉದ್ದಕ್ಕೆ ಎಳೆದ ಹಾಗೆ. ಅಂಗೈಯಲ್ಲಿ ಇಟ್ಟುಕೊಂಡರೆ ಬಾಲದ ತುದಿ ಅಲ್ಲಾಡಿತು. ಇನ್ನೂ ಕೆದಕಿದೆ. ಒಟ್ಟು ಹದಿನೇಳು. ಗಡ್ಡೆಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ಮುಕ್ಕಾಲು ಭಾಗ ಬರೀ ಸಿಪ್ಪೆ, ಒಳಗೆ ಏನೂ ಇಲ್ಲ.

ಹೊಸ ಗಡ್ಡೆ ನೆಟ್ಟದ್ದು ಅಲ್ಲಿಂದ ಹತ್ತಡಿ. ಮೇಲೆ ರಾತ್ರಿಯೆಲ್ಲ ಉರಿಯೋ ಗ್ಯಾರೇಜ್ ದೀಪ ಬೇರೆ.

ಹಿತ್ತಲಬಾಗಿಲು · ಆಗಸ್ಟ್ 3

ಅವೇ. ಕೋಶ. ಸೋಪಿನ ನೀರಿಗೆ ಹಾಕಿದಿರಾ?

ಮಿಶಿಗನ್ ಮಣ್ಣು · ಆಗಸ್ಟ್ 3

ಹದಿನಾರು ಹಾಕಿದೆ. ಒಂದನ್ನು ಮಗಳು ಮುಚ್ಚಳಕ್ಕೆ ತೂತು ಮಾಡಿದ ಉಪ್ಪಿನಕಾಯಿ ಬಾಟ್ಲಿಯಲ್ಲಿ ಇಟ್ಟುಕೊಂಡಿದ್ದಾಳೆ. ಏನಾಗಿ ಹೊರಗೆ ಬರುತ್ತೆ ನೋಡಬೇಕಂತೆ.

ಶುಂಠಿಮನೆ · ಆಗಸ್ಟ್ 3

ಮುಚ್ಚಳ ಗಟ್ಟಿಯಾಗಿ ಹಾಕಿದೆಯಾ ನೋಡಿ ಅಣ್ಣ! ಮತ್ತೆ, ನರ್ಸರಿಗೆ ಹಾಕಿದ ಖಾರದ ಮೇಲ್?

ಮಿಶಿಗನ್ ಮಣ್ಣು · ಆಗಸ್ಟ್ 4

ಅದೇ ನಾಚಿಕೆಗೇಡು. ನಾನು ತಪ್ಪಾಯಿತು ಅಂತ ಬರೆಯೋಕೆ ಕೂತರೆ ಅವರ ಉತ್ತರ ಮೊದಲೇ ಬಂದು ಕೂತಿತ್ತು. 'ನಮ್ಮ ಕಡೆ ಈ ಹುಳ ಇಲ್ಲ, ಆದರೂ ನಾಲ್ಕು ಗಡ್ಡೆ ಮತ್ತೆ ಕಳಿಸುತ್ತೇವೆ' ಅಂತ. ದುಡ್ಡು ನಾನೇ ಕೊಡುತ್ತೇನೆ, ಸೆಪ್ಟೆಂಬರ್ ಮೊದಲ ವಾರ ಕಳಿಸಿ ಅಂತ ಬರೆದೆ.

ಅಷ್ಟರಲ್ಲಿ ಹಳೇ ಸಾಲು ಪೂರ್ತಿ ಕೀಳಬೇಕು. ಸರ್, ಅದರಲ್ಲಿ ಗಟ್ಟಿ ಇರೋ ಗಡ್ಡೆ ಒಂದು ಎಂಟು ಸಿಕ್ಕಬಹುದು. ಬಿಸಾಡಲಾ, ಉಳಿಸಿಕೊಳ್ಳಲಾ?

ಹಿತ್ತಲಬಾಗಿಲು · ಆಗಸ್ಟ್ 4

ಗಟ್ಟಿ ಇದ್ದರೆ ಉಳಿಸಿ. ಎಲೆ ಸುಲಿದು, ಬ್ಲೀಚಲ್ಲಿ ಅದ್ದಿ, ಬೇರೆ ಕಡೆ ಬಿಸಿಲಲ್ಲಿ ಗಡ್ಡೆಯ ಬೆನ್ನು ಕಾಣೋ ಹಾಗೆ ನೆಡಿ. ಪಕ್ಕದ ಮನೆಯವರ ಹತ್ತಿರ ಐರಿಸ್ ಇದೆಯಾ ಅಂತ ಬೇಲಿ ಆಚೆ ಒಮ್ಮೆ ಇಣುಕಿ. ಇದ್ದರೆ ನವೆಂಬರಲ್ಲಿ ಅವರ ಒಣ ಎಲೆಯನ್ನೂ ನೀವೇ ಕಿತ್ತು ಕೊಡ್ತೀನಿ ಅನ್ನಿ, ಬೇಡ ಅನ್ನೋದಿಲ್ಲ. ಪತಂಗ ಬೆಳಕಿಗೆ ಬರುತ್ತೆ, ಆ ಗ್ಯಾರೇಜ್ ದೀಪ ಅಕ್ಟೋಬರ್ ಮುಗಿಯೋವರೆಗೆ ಆರಿಸಿ.

ಮಿಶಿಗನ್ ಮಣ್ಣು · ಆಗಸ್ಟ್ 29

ಬಾಟ್ಲಿಯಲ್ಲಿದ್ದದ್ದು ರಾತ್ರಿ ಹೊರಗೆ ಬಂತು. ಕಂದು ರೆಕ್ಕೆ, ನೇರಳೆ ಛಾಯೆ, ದಪ್ಪ ಮೈ. ಪಾಪ, ಚೆನ್ನಾಗೇ ಇದೆ. ಹೊರಗೆ ಬಿಡೋಣ ಅಂತ ಮಗಳು ಹಟ ಹಿಡಿದಿದ್ದಾಳೆ. ಬಾಟ್ಲಿ ಸದ್ಯಕ್ಕೆ ಫ್ರೀಜರಲ್ಲಿದೆ, ಅವಳಿಗೆ ಇನ್ನೂ ಹೇಳಿಲ್ಲ.